ಆರಿತೋ, ಅಡಗಿತೋ

ಹೋಯಿತು, ಇಲ್ಲ, ಹೋಗಿಲ್ಲ, ರೆಪ್ಪೆ ಬಡಿದದ್ದು ತಾನೇ ಇರಬೇಕು ಎಂದುಕೊಂಡು ಅವಳು ಮಾನಿಟರಿಗೆ ಇನ್ನಷ್ಟು ಬಾಗಿದಳು, ಇರುವೆಯ ಕಣ್ಣಿನಷ್ಟು ಕೆಂಪಗೆ ಈಗಷ್ಟೇ ಉರಿಯುತ್ತಿದ್ದ ಚುಕ್ಕೆಯ ಜಾಗದಲ್ಲಿ ಕಪ್ಪು, ಸುತ್ತಲಿನ ಕಪ್ಪಿಗಿಂತ ಒಂದು ತೂಕ ಹೆಚ್ಚಿನ ಕಪ್ಪು — ಅದು ಸುಳ್ಳು, ಕಪ್ಪೆಲ್ಲ ಒಂದೇ, ಹುಡುಕುವ ಕಣ್ಣಿಗೆ ಮಾತ್ರ ಹಾಗೆ. ಸೂಕ್ಷ್ಮದರ್ಶಕದಡಿಯ ಗಾಜಿನ ಮೇಲೆ ಲೇಸರು ಬೀಳುತ್ತಲೇ ಇದೆ, ಪರದೆಯ ಕೆಳಗೆ ಬೆಳಕಿನ ಎಣಿಕೆಯ ಗೆರೆ ದೊಪ್ಪನೆ ನೆಲಕ್ಕೆ ಬಿದ್ದು ಅಲ್ಲೇ ತೆವಳುತ್ತಿದೆ, ಕಿಟಕಿಗೆ ಇಳಿಬಿಟ್ಟ ದಪ್ಪ ಬಟ್ಟೆಯ ಆಚೆ ಬೆಳ್ಳಂಬೆಳಗು, ಕಾರಿಡಾರಿನಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು, ಅದರ ಒಂದು ಚಕ್ರ ಕುಂಯ್‌ಗುಡುತ್ತಿತ್ತು. ಈ ಗಾಜಿನ ಮೇಲಿನ ಉಳಿದೆಲ್ಲ ಹರಳುಗಳೂ ಕೊಟ್ಟ ಗಡುವು ದಾಟಿ ಉರಿದಿದ್ದವು, ಸಾವಿರಾರು ಸಾಲಾಗಿಟ್ಟರೂ ಒಂದು ಕೂದಲಿನ ಅಗಲ ತುಂಬದ ಅರೆವಾಹಕದ ಹರಳುಗಳು, ಕೂಸಿಗೆ ಹೊದಿಸಿದಂತೆ ಅವಳೇ ಒಂದೊಂದು ಪದರವಾಗಿ ಹೊದಿಸಿದ ಹೊಸ ಹೊದಿಕೆ ಅವನ್ನು ಕಾಯ್ದಿತ್ತು, ಇದೊಂದು ಬಾಕಿ, ಇದೂ ಉರಿದುಬಿಟ್ಟಿದ್ದರೆ ನಾಳೆ ಗೈಡ್ ಮೇಡಂ ಸಭೆಯ ಮುಂದೆ ನಿಂತು ಈ ಹೊದಿಕೆಯ ಹರಳು ಒಂದೂ ಆರುವುದಿಲ್ಲ ಎನ್ನಬಹುದಿತ್ತು, ಒಂದೂ ಎಂಬ ಆ ಪದಕ್ಕಾಗಿಯೇ ಅವಳ ನಾಲ್ಕು ವರ್ಷ ಸವೆದದ್ದು, ಅದಿದ್ದರೆ ಪ್ರಬಂಧ ಮುಗಿದಂತೆ, ಇಲ್ಲದಿದ್ದರೆ ಮತ್ತೆ ಮೊದಲಿನಿಂದ.

ಮೇಡಂ ಬೆನ್ನ ಹಿಂದೆ ಬಂದು ನಿಂತದ್ದು ಕೈಗೆ ಹಚ್ಚುವ ಕ್ರೀಮಿನ ವಾಸನೆಯಿಂದ ಗೊತ್ತಾಯಿತು. ಏನಾಯ್ತೇ, ಗೆರೆ ಯಾಕೆ ಮಲಗಿದೆ, ಆರಿತಾ. ಗೊತ್ತಿಲ್ಲ ಮೇಡಂ, ಅಡಗಿರಬಹುದು. ಎಷ್ಟು ಹೊತ್ತಾಯ್ತು. ಸ್ವಲ್ಪ. ಸ್ವಲ್ಪ ಅಂದ್ರೆ ನಿನ್ನ ಸ್ವಲ್ಪಾನಾ ನನ್ನ ಸ್ವಲ್ಪಾನಾ — ನಗು ಅರ್ಧಕ್ಕೇ ನಿಂತಿತು. ನೋಡು, ಉರಿದಿದ್ದು ಚೆನ್ನಾಗೇ ಇದೆ, ಅಲ್ಲಿಗೆ ಕತ್ತರಿಸಿ ಇಟ್ಕೋ, ಆಮೇಲಿಂದು ನಾವು ನೋಡೇ ಇಲ್ಲ, ಯಂತ್ರ ನಿಲ್ಲಿಸಿದ್ವಿ, ಅಷ್ಟೇ, ಸುಳ್ಳು ಹೇಳು ಅಂತಿಲ್ವಲ್ಲಮ್ಮ ನಾನು. ಇಲ್ಲ, ಅವರು ಹಾಗೆನ್ನುತ್ತಿಲ್ಲ, ಸುಳ್ಳು ಎಲ್ಲಿದೆ, ಬೆಳಕಿರುವಷ್ಟು ನಿಜ, ಉಳಿದದ್ದು ಮೌನ — ಆದರೆ ಕಾಯಬೇಕಲ್ಲ, ಹರಳಿನೊಳಗಿನ ಒಂದು ಎಲೆಕ್ಟ್ರಾನು ಹೊರಮೈಯ ಯಾವುದೋ ಬಿರುಕಿನಲ್ಲಿ ಸಿಕ್ಕಿಬಿದ್ದರೆ ಒಳಗೆ ಹುಟ್ಟಿದ ಬೆಳಕೆಲ್ಲ ಬರೀ ಬಿಸಿಯಾಗಿ ಹೋಗುತ್ತದೆ, ಅದು ಮನೆಗೆ ಮರಳಿದ ಗಳಿಗೆ ಮತ್ತೆ ಕೆಂಪು, ಇದು ಅಡಗುವುದು, ಹರಳೇ ಸವೆದು ಸತ್ತಿದ್ದರೂ ಹೊರಗೆ ಕಾಣುವುದು ಇದೇ ಕಪ್ಪು, ಎರಡಕ್ಕೂ ಒಂದೇ ಮುಖ, ಎಷ್ಟು ಕಾಯಬೇಕೆಂದರೆ ಲೆಕ್ಕವೇ ಕೈಚೆಲ್ಲಿ ಕೂರುತ್ತದೆ, ಇದಕ್ಕೆ ಸರಾಸರಿ ಎಂಬುದೇ ಇಲ್ಲ, ಕತ್ತಲು ಉದ್ದವಾದಷ್ಟೂ ಇನ್ನೂ ಉದ್ದವಾಗುವ ಸಂಭವವೇ ಹೆಚ್ಚು. ಚಿಕ್ಕಂದಿನಲ್ಲಿ ಹೀಗೇ ಅಜ್ಜಿ ಕಥೆಯ ನಡುವೆ ನಿಂತುಬಿಡುತ್ತಿದ್ದಳು, ರಾಜಕುಮಾರಿ ಬಾವಿಯ ಕೊನೇ ಮೆಟ್ಟಿಲಿಗೆ ಕಾಲಿಟ್ಟಳಂತೆ, ಇಟ್ಟು, ಅಷ್ಟೇ, ಬಾಯಿ ಅರ್ಧ ತೆರೆದು, ಹೂಂ ಅಂತಿರು, ಹೂಂ ಅನ್ನದಿದ್ರೆ ಕಥೆ ದಾರಿತಪ್ಪಿ ಬೇರೆಯವರ ಮನೆಗೆ ನುಗ್ಗುತ್ತೆ ಕಣೇ, ಹೂಂ, ಹೂಂ, ಅಮ್ಮ ಬಟ್ಟೆ ಮಡಿಸುತ್ತಾ ಅಜ್ಜಿ ನಿದ್ದೆ ಹೋದ್ರು ಎದ್ದು ಬಾರೇ ಅಂದರೂ ಹೂಂ, ಗೋಡೆಯ ಬಿಸಿಲು ಮಂಚದ ಕಾಲಿನ ತನಕ ಇಳಿಯುತ್ತದೆ, ಆಗ ಅಜ್ಜಿ, ಇಟ್ಟರೆ ನೀರು ತಣ್ಣಗೇ ಇರಲಿಲ್ಲವಂತೆ, ಎಂದು, ನಡುವೆ ಏನೂ ಆಗದವಳಂತೆ. ಆ ನಡುವನ್ನು ತೆಗೆದುಹಾಕಿದ್ದರೆ ಕಥೆ ನುಣ್ಣಗಾಗುತ್ತಿತ್ತು, ಆದರೆ ಕೇಳಿದವಳಲ್ಲಿ ಉಳಿದದ್ದು ರಾಜಕುಮಾರಿಯಲ್ಲ, ಆ ತೆರೆದ ಬಾಯಿ, ಅದರೊಳಗಿನ ಕಪ್ಪು.

ಏನಮ್ಮಾ, ಹೆಣ ಕಾಯ್ತಿದ್ದೀಯಾ. ಬಾಗಿಲ ಸಂದಿಯಲ್ಲಿ ಪಕ್ಕದ ಲ್ಯಾಬಿನ ಗಡ್ಡ, ಕೈಯಲ್ಲಿ ಅವನ ಗಾಜಿನ ಡಬ್ಬಿ, ಮುಂದಿನ ಸರದಿ ಅವನದು, ಬೇಗ ಏಳು ತಾಯೀ, ನನ್ನ ಸ್ಯಾಂಪಲ್ಲಿಗೂ ವಯಸ್ಸಾಗ್ತಿದೆ. ಬಂದೆ. ಬಂದೆ ಬಂದೆ ಅಂತ ಆಗ್ಲಿಂದ ಕೂತೇ ಇದ್ದೀಯ. ಅವಳು ಮೌಸನ್ನು ಎಳೆದಳು, ಮಲಗಿದ ಗೆರೆಯ ಮೇಲೆಲ್ಲ ನೀಲಿ ಪಟ್ಟಿ ಹರಡಿಕೊಂಡಿತು, ಇನ್ನು ಒಂದು ಕೀಲಿ, ಒತ್ತಿದರೆ ಕತ್ತಲೇ ಇರಲಿಲ್ಲ, ಬೆರಳು ಅಲ್ಲೇ ಇದೆ — ಮೊದಲ ವರ್ಷ ಯಾರದೋ ಲೇಖನದಲ್ಲಿ ಒಂದೂ ಆರಲಿಲ್ಲ ಎಂಬುದನ್ನು ನಂಬಿ, ತನ್ನ ಹರಳು ಆರಿದಾಗಲೆಲ್ಲ ತನ್ನ ಕೈಯೇ ಸರಿಯಿಲ್ಲ ಎಂದುಕೊಂಡು ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ ಅತ್ತಿದ್ದಳಲ್ಲ, ಅವರೂ ಹೀಗೇ ಒಂದು ಬೆಳಗ್ಗೆ ನೀಲಿ ಪಟ್ಟಿ ಎಳೆದಿರಬೇಕು, ಹಿಂದೆ ಯಾರೋ ನಿಂತಿದ್ದಿರಬೇಕು, ಈಗ ಇದನ್ನು ನಂಬಿ ಎಲ್ಲೋ ಇನ್ನೊಬ್ಬಳು ನಲ್ಲಿ ತಿರುಗಿಸುತ್ತಾಳೆ, ತಿರುಗಿಸಲಿ, ಬೇಡ, ಅವಳ್ಯಾರೋ ನಾನ್ಯಾರೋ, ಬೇಡ. ಕೀಲಿ ಒತ್ತಲಿಲ್ಲ, ಪಟ್ಟಿ ಸರಿಯಿತು. ಕತ್ತಲೂ ಸೇರಿ ಇಡಿಯಾಗಿ ಉಳಿಯಿತು. ಇಟ್ಯಾ. ಇಟ್ಟೆ ಮೇಡಂ. ಕತ್ತರಿಸಿ ತಾನೇ. ಇಲ್ಲ, ಪೂರ್ತಿ. ಕ್ರೀಮಿನ ವಾಸನೆ ಬಾಗಿಲ ಕಡೆ ತಿರುಗಿತು, ಸರಿ, ಹಾಗಾದ್ರೆ ನಾಳೆ ಒಂದು ಆರಿತು ಅಂತ ನೀನೇ ನಿಂತು ಹೇಳು, ನನ್ನ ಬಾಯಲ್ಲಿ ಆ ಮಾತು ಬರಲ್ಲ, ಚಪ್ಪಲಿಯ ಸದ್ದು ದೂರವಾಯಿತು, ಆರಿತು ಅಂತಲೂ ಹೇಳಲಾರೆ ಮೇಡಂ, ಗೊತ್ತಿಲ್ಲ ಅಂತ ಹೇಳುತ್ತೇನೆ, ಎನ್ನುವಷ್ಟರಲ್ಲಿ ಕೇಳಿಸಿಕೊಳ್ಳಲು ಯಾರೂ ಇಲ್ಲ, ಗಡ್ಡ ಮಾತ್ರ ಲೇಸರಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು, ಆರಿಸ್ಲಾ, ತಡಿ, ಎಷ್ಟೊತ್ತು, ತಡಿಯೋ, ಲೇಸರು ಆರಿದ ಮೇಲೆ ಕಪ್ಪೆಲ್ಲ ನಿಜಕ್ಕೂ ಒಂದೇ ಆಗಿಬಿಡುತ್ತದೆ, ಈಗ ಇನ್ನೂ ಅಲ್ಲ, ಈಗ ಇನ್ನೂ ಅಲ್ಲಿ, ಚುಕ್ಕೆ ಇದ್ದ ಕಡೆ, ಒಂದು ತೂಕ ಹೆಚ್ಚಿನ ಕಪ್ಪು