ಮೈಸೂರಿಗೆ ಹೋದವನು

ಇನ್ಸ್‌ಪೆಕ್ಟರು ಮತ್ತೆ ಕೇಳಿದರೂ ಯಾರೂ ಕೈಯೆತ್ತಿ ತೋರಿಸಲಿಲ್ಲ. ಹೊಳೆದಂಡೆಯ ರುದ್ರಭೂಮಿಯಲ್ಲಿ ಊರ ಗಂಡಸರೆಲ್ಲ ನಿಂತಿದ್ದರು. ಪುಟ್ಟಸ್ವಾಮಿಯ ಗುಂಡಿಗೆ ಮಣ್ಣು ಹಾಕಿದವರೇ ಅವರು. ಈಗ ಒಬ್ಬರಿಗೂ ಜಾಗ ನೆನಪಿಲ್ಲ. ದೊಡ್ಡಮನೆ ಚಾಮಯ್ಯನವರು ಕೊಡೆ ಹಿಡಿದು ಎದುರಿಗೇ ನಿಂತಿರುವಾಗ ಯಾರಿಗೆ ತಾನೇ ನೆನಪಾದೀತು?

ಕೊನೆಗೆ ಪುಟ್ಟಸ್ವಾಮಿಯ ತಾಯಿ ಶಿವನಂಜಮ್ಮ ಮುಂದೆ ಬಂದು, ಮಣ್ಣು ತಗ್ಗಾಗಿದ್ದ ಒಂದು ಕಡೆ ಕುಳಿತಳು.

"ಇಲ್ಲೆ ಸಾಮಿ."

"ಬ್ಯಾಡಿ ಅತ್ತೆ," ಸೊಸೆ ವಿಶಾಲಮ್ಮ ಅವಳ ಭುಜ ಹಿಡಿದಳು. "ಅಂಗೈಲಿ ಲಿಂಗ ಇಡ್ಕಂಡು ತಣ್ಣಗೆ ಕುಂತವ್ರೆ. ಎಬ್ಬಿಸಬ್ಯಾಡಿ."

"ತಣ್ಣಗೆಲ್ಲವ್ವ? ತಲೆ ಒಡೆಸ್ಕಂಡು ಕುಂತವ್ನೆ."

ವರ್ಷವರ್ಷವೂ ದಸರೆಗೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಹೋಗುತ್ತಿದ್ದವರು ಚಾಮಯ್ಯನವರು. ಆ ಸಲ ಪುಟ್ಟಸ್ವಾಮಿ ತಾನೂ ಚುನಾವಣೆಗೆ ನಿಲ್ಲುತ್ತೇನೆಂದ. ದೊಡ್ಡಮನೆಯವರು ಊರ ಗೋಮಾಳಕ್ಕೆ ಬೇಲಿ ಹಾಕಿಕೊಂಡದ್ದನ್ನು ದಿವಾನರ ಮುಂದೆಯೇ ಹೇಳುತ್ತೇನೆಂದ. ದಸರೆ ಬರುವ ಮೊದಲೇ ಅವನ ಹೆಣ ಕಪಿಲೆಯಲ್ಲಿ ತೇಲಿತು. ಬಂಡೆ ಜಾರಿ ಬಿದ್ದ ಎಂದರು ಚಾಮಯ್ಯನವರು. ಊರೂ ಹಾಗೇ ಅಂದಿತು. ಹೊತ್ತು ಮುಳುಗುವುದರೊಳಗೆ ಸಮಾಧಿಯೂ ಆಯಿತು. ಆದರೆ ಮಗನಿಗೆ ಕಡೆಯ ನೀರು ಹೊಯ್ಯುವಾಗ ಶಿವನಂಜಮ್ಮನ ಬೆರಳು ತಲೆಯ ಹಿಂದುಗಡೆ ಒಳಕ್ಕೆ ಇಳಿದಿತ್ತು. ಅವಳು ನಂಜನಗೂಡಿಗೂ ನರಸೀಪುರಕ್ಕೂ ನಡೆದಳು. ಅಧಿಕಾರಿಗಳ ಜಗಲಿಯಲ್ಲಿ ಕುಳಿತು, ಗುಂಡಿ ತೆಗೆಸಿ ನೋಡಿ ಎಂದಳು. ಸಂಕ್ರಾಂತಿ ಕಳೆದ ಮೇಲೆ ಸರ್ಕಾರ ಬಂದಿತ್ತು.

ಊರಿಗೆಲ್ಲ ಗುಂಡಿ ತೋಡುವ ಮಾದಯ್ಯ ಹಾರೆ ಹಾಕಿದ. ಉಪ್ಪು, ವಿಭೂತಿ ಬೆರೆತ ಬೆಳ್ಳನೆಯ ಮಣ್ಣು ಬಂತು, ಆಮೇಲೆ ಒಣಗಿದ ಬಿಲ್ವದೆಲೆ. ಅಲ್ಲಿಂದಾಚೆಗೆ ಅವನು ಹಾರೆ ಬಿಟ್ಟು ಕೈಯಿಂದಲೇ ಬಗೆದ. ವಿಶಾಲಮ್ಮ ಮುಖ ತಿರುಗಿಸಿದಳು. ಶಿವನಂಜಮ್ಮ ತಿರುಗಿಸಲಿಲ್ಲ.

ಸರ್ಕಾರಿ ಡಾಕ್ಟರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಂಡಿಗಿಳಿದರು. ಬಹಳ ಹೊತ್ತು ನೋಡಿ ಮೇಲೆ ಬಂದರು. "ಎರಡು ಪೆಟ್ಟು. ಎರಡೂ ಹಿಂದಿನಿಂದ. ಬಂಡೆ ಮೇಲೆ ಬಿದ್ದರೆ ಹೀಗೆ ಒಡೆಯೋದಿಲ್ಲ."

ಚಾಮಯ್ಯನವರ ಅಕ್ಕಪಕ್ಕ ಇಬ್ಬರು ಪೋಲೀಸರು ಹೋಗಿ ನಿಂತರು. ಅಷ್ಟು ಹೊತ್ತಿಗೆ ಇನ್ಸ್‌ಪೆಕ್ಟರು ಶಿವನಂಜಮ್ಮನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತರು.

"ಅಮ್ಮ, ಬರೀ ನಮ್ಮ ಮಾತು ಕೋರ್ಟಿನಲ್ಲಿ ಸಾಲೋದಿಲ್ಲ. ಅವರು ದೊಡ್ಡ ವಕೀಲರನ್ನ ಇಡ್ತಾರೆ. ತಲೆ ಮೈಸೂರಿಗೆ ಹೋಗಬೇಕು."

"ತಲೆ ಒಂದೆಯಾ?"

"ಹೌದಮ್ಮ."

"ಮಿಕ್ಕಿದ್ದು?"

"ಇಲ್ಲೇ ಇರಲಿ."

"ಯಾವಾಗ ತಂದ್ಕೊಟ್ಟೀರಿ?"

"ಕೇಸು ಮುಗಿದ ಮೇಲೆ."

"ಅದ್ಯಾವಾಗ ಮುಗಿತದೆ ಸಾಮಿ?"

ಇನ್ಸ್‌ಪೆಕ್ಟರು ಹೊಳೆಯ ಕಡೆ ನೋಡಿದರು.

"ಒಲ್ಲೆ ಅಂದ್ರೆ?"

"ಕೇಸು ನಿಲ್ಲೋದು ಕಷ್ಟ."

"ಒಪ್ಪಬ್ಯಾಡಿ ಅತ್ತೆ!" ವಿಶಾಲಮ್ಮ ಕೂಗಿದಳು. "ತಲೆ ಇಲ್ದೋರ್ನ ಎಂಗ್ ಕೂರ್ಸೀರಿ? ನಿಮ್ಗೆ ಸಿವ ಮೆಚ್ಚಾನಾ?"

ಶಿವನಂಜಮ್ಮ ಮಾದಯ್ಯನ ಕೈ ಹಿಡಿದು ಗುಂಡಿಗಿಳಿದಳು. ಮಗನ ನೆತ್ತಿಯ ಮೇಲೆ ಅಂಗೈ ಇಟ್ಟು, ಎಣ್ಣೆ ಒತ್ತುವವಳ ಹಾಗೆ ನಿಂತಳು. ಆಮೇಲೆ ಸೆರಗಿನಿಂದ ಒಂದು ತುಂಡು ಹರಿದಳು.

"ಇದ್ರಲ್ಲಿ ಸುತ್ಕಳಿ ಸಾಮಿ. ಗಾಡೀಲಿ ಉಳ್ಳಾಡದಂಗೆ ಸುತ್ತ ಉಲ್ಲು ಆಕಿ."

ಗುಂಪಿನಲ್ಲಿ ದೊಡ್ಡಮನೆಯ ಆಳೊಬ್ಬ ಕಿಸಕ್ಕೆಂದ. "ಸತ್ರೂ ಮೈಸೂರ್ಗೋಗೋ ಚಟ ಬುಡ್ಲಿಲ್ವಲ್ಲಾ ಇವ್ನು!"

"ಊಂ ಕಣಪ್ಪ, ಓಯ್ತಾನೆ," ಎಂದಳು ಶಿವನಂಜಮ್ಮ, ಗುಂಡಿಯೊಳಗಿಂದಲೇ. "ಏಳ್ಬೇಕಾದ್ದ ಏಳ್ಬುಟ್ಟೇ ಬತ್ತಾನೆ."

ಡಾಕ್ಟರು ಮತ್ತೆ ಗುಂಡಿಗಿಳಿದು, ತಲೆಯನ್ನು ಸೆರಗಿನ ತುಂಡಿನಲ್ಲಿ ಸುತ್ತಿ ಗಾಡಿಗೆ ಇಡಿಸಿದರು.

ಗಾಡಿ ಹೋಯಿತು. ಅದರ ಹಿಂದೆ ಚಾಮಯ್ಯನವರೂ ಪೋಲೀಸರೂ ಹೋದರು, ಅವರ ಹಿಂದೆ ಊರೂ ಕರಗಿತು. ಮಾದಯ್ಯ ಗುದ್ದಲಿಯಿಂದ ಮಣ್ಣು ಎಳೆಯತೊಡಗಿದ. ಊರಿನವರ ತಂದೆತಾಯಿಯರಿಗೂ, ಮಕ್ಕಳಿಗೂ ಗುಂಡಿ ಮುಚ್ಚಿದ ಕೈ ಅದು.

"ಕುತ್ಗೆಮಟ್ಟ ಸಾಕು ಮಾದಯ್ಯ," ಎಂದಳು ಶಿವನಂಜಮ್ಮ. "ಮೇಲ್ಗಡೆ ತಲೆಗೆ ಬುಡು."

ಮಾದಯ್ಯ ಅವಳ ಮುಖ ನೋಡಿದ. ಕುತ್ತಿಗೆಮಟ್ಟಕ್ಕೆ ಮುಚ್ಚಿ, ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೋದ.

ಬಿಸಿಲು ಇಳಿಯುತ್ತಿತ್ತು. ದಂಡೆಯ ಹೊಂಗೆ ಎಲೆ ಉದುರಿಸುವ ಕಾಲ. ಗಾಳಿ ಬಂದಾಗಲೆಲ್ಲ ನಾಲ್ಕಾರು ಎಲೆ ತೇಲಿಬಂದು, ಮುಚ್ಚದೆ ಬಿಟ್ಟ ತಗ್ಗಿಗೆ ಬೀಳುತ್ತಿದ್ದವು. ಶಿವನಂಜಮ್ಮ ಬಗ್ಗಿ ಅವನ್ನು ಹೆಕ್ಕಿ ಹೊರಗೆ ಹಾಕುತ್ತಿದ್ದಳು. ದೂರದಲ್ಲಿ ನಿಂತಿದ್ದ ವಿಶಾಲಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಂದು ಆ ಬದಿಗೆ ಕುಳಿತು, ತನ್ನ ಕೈಗೆ ಎಟುಕುವ ಎಲೆಗಳನ್ನು ತೆಗೆಯತೊಡಗಿದಳು.