ಸೊಸೆಗೊಂದು ಅರ್ಧ ಗಂಟೆ

ಅತ್ತೆಗೊಂದು ಕಾಲ, ಸೊಸೆಗೊಂದು ಅರ್ಧ ಗಂಟೆ—ಗಾದೆ ತಿರುಚಿದ್ದು, ಕಥೆ ನೆಟ್ಟಗಿನದೇ—ಚುರ್ ಅಂದ ಎಣ್ಣೆ ಸೆಹ್ವಾಳ ಮಣಿಕಟ್ಟಿಗೆ ಸಿಡಿಯಿತು, ಉರಿ, ಉರಿಯಲಿ, ಮೊಟ್ಟೆಯಲ್ಲಿ ಅದ್ದಿದ ಮೀನಿನ ಹೋಳು ಅಂಚು ಕೆಂಪಾಗಿ ಘಮಘಮ, ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ಈ ಘಮ ಒಂದೇ, ನಾಳೆ ಚುಸೊಕ್ ಹಬ್ಬ, ತೀರಿಹೋದ ಹಿರಿಯರಿಗೆ ಎಡೆ, ಅವರು ಉಣ್ಣೋ ಮುಂಚೆ ಬಾಯಿಗಿಟ್ಟೀಯ ಮತ್ತೆ, ಹೂಂ ಅತ್ತೆ, ಹಸಿವಿಲ್ಲ ಅತ್ತೆ, ಕಾಲು ಜೋಮು ಹಿಡಿದಿಲ್ಲ ಅತ್ತೆ—ಮದುವೆಯಾದಂದಿನಿಂದ ಇಲ್ಲ ಇಲ್ಲ ಅಂದೂ ಅಂದೂ ಗಂಟಲಲ್ಲೊಂದು ಮುಳ್ಳು, ಗೋಡೆಯ ಗಡಿಯಾರದಲ್ಲೂ ಮುಳ್ಳು, ಅದಾದರೂ ಅಲ್ಲಾಡುತ್ತದೆ. ಆಫೀಸಿನ ಪಾರ್ಟೀಲಿ ಆಡ್ತೀವಲ್ಲ, ಆ ಏಕವಚನದಾಟ ಆಡೋಣ್ವಾ ಅಮ್ಮ, ದೊಡ್ಡ ಮುಳ್ಳು ಹನ್ನೆರಡಕ್ಕೆ ಬರೋವರೆಗೂ ಚಿಕ್ಕವರು ದೊಡ್ಡವರನ್ನ ಹೆಸರು ಹಿಡಿದು ಕರೀಬೇಕು, ಏನಂದ್ರೂ ಕೋಪ ಮಾಡ್ಕೊಳ್ಳೋ ಹಾಗಿಲ್ಲ, ತವರಿಗೆ ಬಂದ ನಾದಿನಿ ಯುನ್ಜು ಅಂದಳು, ಸೇಬು ಕಚ್ಚುತ್ತ, ಹೆತ್ತ ಮಗಳಿಗೆ ಎಡೆಯ ಕಟ್ಟಲೆ ಇಲ್ಲವಲ್ಲ. ಆಡಿ ಆಡಿ, ಇವಳ ಬಾಯಲ್ಲಿ ನೀನು ಅಂತ ಬಂದಾಗ ನೋಡೋಣ, ಅತ್ತೆ ಮೂಗು ಮುರಿದರು, ಮುಳ್ಳು ಆಗ ಆರರ ಮೇಲೆ, ಅರ್ಧ ಗಂಟೆ, ಅಷ್ಟೇನಾ. ಗಡಿಯಾರ ಸೊಟ್ಟಗಿದೆ ಅನ್ನುತ್ತ ಸೆಹ್ವಾ ಸ್ಟೂಲು ಹತ್ತಿದಳು, ನೆಟ್ಟಗೆ ಮಾಡಿ ಇಳಿದಳು, ಅದರ ಸೆಲ್ಲು ಏಪ್ರನ್ ಜೇಬಿನಲ್ಲಿ ತಣ್ಣಗೆ.

ಏ ಮಲ್ಸುನ್—ಅತ್ತೆಯ ಹೆಸರು, ಸತ್ತ ಮಾವನೂ ಕರೆದಿರದ ಹೆಸರು—ನಂಗೆ ಹಸಿವು ಕಣೆ, ಕಾಲು ಸೇದ್ತಿದೆ, ಸೆಕೆ, ಸಾಕಾಗಿದೆ, ಬಾ, ನೀನು ಹುರಿ, ನಾನು ತಿಂತೀನಿ, ನಿಮ್ಮ ಹಿರಿಯರಿಗೆ ಹೇಳು ಮೊದಲ ಪಂಕ್ತಿ ನಂದು ಅಂತ—ಟಿವಿಯಲ್ಲಿ ಕುಸ್ತಿ ನೋಡುತ್ತಿದ್ದ ಗಂಡ ರಿಮೋಟು ಬೀಳಿಸಿದ, ಬೀಳಲಿ. ಅತ್ತೆ ಒಪ್ಪಿದ ಆಟಕ್ಕೆ ತಪ್ಪುವವರಲ್ಲ, ಕೂತರು, ಹುರಿದರು, ಇವಳು ತಿಂದಳು, ನಾಲಿಗೆ ಸುಟ್ಟರೂ ಇನ್ನೊಂದು, ಸುಟ್ಟ ನಾಲಿಗೆಯೇ ಚೆನ್ನಾಗಿ ಮಾತಾಡುತ್ತದೆ. ಮುಗೀಲಿಲ್ವೇನೆ ಟೈಮು, ಇಲ್ಲ ಮಲ್ಸುನ್, ನೋಡು, ಆರರ ಮೇಲೇ ಇದೆ, ಉಪ್ಪು ಕಮ್ಮಿ, ಇನ್ನೊಂದು ಹುರಿ. ಬುಟ್ಟಿ ತುಂಬಿತು, ಮುಳ್ಳು ಆರರ ಮೇಲೆ, ಎಣ್ಣೆ ಮುಗಿಯಿತು, ಮುಳ್ಳು ಆರರ ಮೇಲೆ, ಅತ್ತೆಯ ಕಣ್ಣು ಗಡಿಯಾರದಿಂದ ಸೊಸೆಯ ಜೇಬಿಗೆ, ಜೇಬಿನ ಉಬ್ಬಿಗೆ, ಎದ್ದರು, ಕೈ ಹಾಕಿದರು, ಸೆಲ್ಲು—ಬೈಯಲಿ, ಬಾಗಿಲು ತೋರಿಸಲಿ, ಆಡಿದ್ದನ್ನು ವಾಪಸು ನುಂಗುವವಳಲ್ಲ ಇವಳು, ಒಂದಕ್ಷರವನ್ನೂ—ನಗು, ಪಾತ್ರೆ ಅದುರುವ ನಗು, ಯುನ್ಜುವಿನದಲ್ಲ, ಅತ್ತೆಯದು, ಸೊಂಟ ಹಿಡಿದು ನಗುತ್ತಲೇ ಸೆಲ್ಲನ್ನು ತಮ್ಮ ಜೇಬಿಗೆ ಇಳಿಸಿಕೊಂಡರು, ತಮ್ಮ ಅತ್ತೆಯ ಫೋಟೋ ಕಡೆ ತಿರುಗಿದರು, ಏ ಮುದುಕಿ, ನಂಗೂ ಹಸಿವಾಗ್ತಿತ್ತು ಕಣೆ ಆವಾಗ—ಬಿಸಿ ಹೋಳು ಬಾಯಿಗೆ, ನಗು ನಿಲ್ಲದು, ಮುಳ್ಳು ಆರರ ಮೇಲೆ, ಆರರ ಮೇಲೆ, ಮುಳ್ಳು