ಕಾಲು ಮುಟ್ಟಿದ ಶುಕ್ರವಾರ

ಕೊಲ್ಲಿ ನಾಡಿನ ರುಮೈಥಿಯಾ ಬಡಾವಣೆಯ ಆ ನಾಲ್ಕು ಮನೆಗಳು ಅಣ್ಣತಮ್ಮಂದಿರವು. ಮನೆಗೊಬ್ಬಳಂತೆ ಕೆಲಸದ ಹೆಂಗಸರೂ ನಾಲ್ವರು. ಅವರ ಪಾಸ್‌ಪೋರ್ಟುಗಳೆಲ್ಲ ಹಿರಿಯಣ್ಣನ ಕಬ್ಬಿಣದ ಕಪಾಟಿನಲ್ಲಿ, ಅದರ ಕೀಲಿಕೈ ಅವನ ತಾಯಿಯ ದಿಂಬಿನಡಿ. ಇರಾಕಿನ ಸೈನ್ಯ ನುಗ್ಗಿ ಆರು ವಾರ ಕಳೆದಿತ್ತು. ಊರಿಗೆ ಹೋಗುವವರ ಬಸ್ಸುಗಳು ಖೈತಾನಿನಿಂದ ಹೊರಡುತ್ತಿದ್ದವು. ವೀಸಾ ಕೊಟ್ಟು ತರಿಸಿಕೊಂಡ ಕಫೀಲ್, ಆ ಹಿರಿಯಣ್ಣ, ಮಾತ್ರ ಬಿಡುವುದಿಲ್ಲ ಎಂದಿದ್ದ. ಕೊಂಡು ತಂದ ಸಾಮಾನು ತಾನಾಗಿ ಎದ್ದು ನಡೆಯುವುದುಂಟೇ!

ಹಿರಿಯಣ್ಣನ ಪಕ್ಕದ ಮನೆಯಲ್ಲಿ ಕೆಲಸಕ್ಕಿದ್ದ ಆಗ್ನೆಸ್ ಉಪಾಯ ಹೂಡಿದಳು. ಶುಕ್ರವಾರ ಗಂಡಸರು ಮಸೀದಿಗೆ ಹೋದ ಕೂಡಲೇ ನಾಲ್ವರೂ ಒಟ್ಟಿಗೆ ಗೇಟು ದಾಟುವುದು. ಒಬ್ಬಳಾದರೆ ಎಳೆದು ತರುತ್ತಾರೆ, ನಾಲ್ವರನ್ನು ಎಳೆಯುವವರು ಯಾರು? ಕೀಲಿಕೈ ತೆಗೆಯುವ ಕೆಲಸ ಹಿರಿಯಣ್ಣನ ಮನೆಯ ವಾರಿಜಾಳದು. ಹಾಸಿಗೆ ಹಿಡಿದ ಮುದುಕಿಯನ್ನು ಏಳು ವರ್ಷದಿಂದ ಮೀಯಿಸಿ ಉಣ್ಣಿಸುತ್ತಿದ್ದವಳು ಅವಳೇ.

ಅಂದು ಹಾಸಿಗೆ ಬಟ್ಟೆ ಬದಲಿಸುವಾಗ ಕೀಲಿಕೈ ರವಿಕೆಯೊಳಗೆ ಸೇರಿತು. ಇಷ್ಟಾದ ಮೇಲೆ ಸುಮ್ಮನೆ ಕೋಣೆಯಿಂದ ಹೊರಬಿದ್ದು, ಗಂಡಸರ ಕಾರು ಹೊರಟೊಡನೆ ಕಪಾಟು ತೆರೆಯಬೇಕಿತ್ತು, ಪುಣ್ಯಾತ್ಗಿತ್ತಿ. ಬಾಗಿಲ ತನಕ ಹೋದವಳಿಗೆ ಮನಸ್ಸು ತಡೆಯಲಿಲ್ಲ. ಹಿರಿಯರಿಗೆ ನಮಸ್ಕರಿಸದೆ ಪ್ರಯಾಣ ಹೊರಟು ಅವಳಿಗೆ ಗೊತ್ತೇ ಇರಲಿಲ್ಲ. ತಿರುಗಿ ಬಂದು, ಬಗ್ಗಿ, ಮುದುಕಿಯ ಎರಡೂ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮುದುಕಿ ಪ್ರಾಯದಲ್ಲಿ ಗಂಡನೊಂದಿಗೆ ಬೊಂಬಾಯಿಯಲ್ಲಿ ಸಂಸಾರ ಮಾಡಿದವಳು. ಊರಿಗೆ ಹೊರಟ ಆಳುಗಳು ಹೀಗೆಯೇ ಕಾಲು ಮುಟ್ಟುವುದನ್ನು ಕಂಡಿದ್ದಳು.

"ತುಮ್ ಮುಲುಕ್ ಜಾತಾ?" ಊರಿಗೆ ಹೊರಟೆಯಾ ಎಂದು ಬೊಂಬಾಯಿಯ ಹಿಂದಿಯಲ್ಲಿ ಕೇಳಿದಳು. ಕೈ ದಿಂಬಿನಡಿ ತಡಕಾಡಿತು. ಮರುಕ್ಷಣ ಮಗನನ್ನು ಕೂಗಿ ಚೀರತೊಡಗಿದಳು. ನಾಳೆ ಮೀಯಿಸುವವರು ಯಾರೆಂಬ ಭಯ ಅವಳಿಗೆ. ಕಾರು ಹತ್ತುತ್ತಿದ್ದ ಗಂಡಸರು ಇಳಿದು ಓಡಿಬಂದರು. ಪಕ್ಕದ ಗೇಟಿನ ಮರೆಯಲ್ಲಿ ಬಟ್ಟೆಯ ಗಂಟು ಹಿಡಿದು ನಿಂತಿದ್ದ ಆಗ್ನೆಸ್ ಸಿಕ್ಕಿಬಿದ್ದಳು. ಕೀಲಿಕೈ ಮರಳಿ ದಿಂಬಿನಡಿ ಸೇರಿತು, ನಾಲ್ಕು ಗೇಟುಗಳಿಗೂ ಬೀಗ ಬಿತ್ತು.

ಸಂಜೆ ಹಿತ್ತಿಲ ಗೋಡೆಯಾಚೆಯಿಂದ ಆಗ್ನೆಸ್ ವಾರಿಜಾಳನ್ನು ಕೇಳಿದಳು, "ಯಾರು ಮಾರಾಯ್ತಿ ಹೇಳಿದ್ದು?"

"ನಾನೇ."

"ನೀನಾ? ಎಂತ ಹೇಳಿದ್ದು?"

"ಬಾಯಲ್ಲಿ ಎಂತದೂ ಹೇಳ್ಲಿಲ್ಲ. ಹೊರಡುವಾಗ ಕಾಲು ಮುಟ್ಟಿದೆ, ಆಗ್ನೆಸ್‌ಬಾಯಿ."

ಆಗ್ನೆಸ್ ಬೈದಿದ್ದರೆ ವಾರಿಜಾಳ ಎದೆ ಸ್ವಲ್ಪ ಹಗುರವಾಗುತ್ತಿತ್ತು. "ನಾನಾದ್ರೂ ಹಾಗೇ ಮಾಡ್ತಿದ್ದೆನೋ ಏನೋ," ಎಂದುಬಿಟ್ಟಳು. ಗಂಟು ಸಮೇತ ಸಿಕ್ಕವಳೆಂದು ಕತ್ತಲಾಗುವ ಮೊದಲೇ ಗಂಡಸರು ಆಗ್ನೆಸ್‌ಳನ್ನು ಕಾರಿಗೆ ನೂಕಿ ಎಲ್ಲಿಗೋ ಒಯ್ದರು. ಆಮೇಲೆ ಅವಳನ್ನು ಕಂಡವರಿಲ್ಲ.

ಆ ರಾತ್ರಿ ಮುದುಕಿ ಎಂದಿನಂತೆ ಎಣ್ಣೆ ತಿಕ್ಕಿಸಿಕೊಳ್ಳಲು ಕಾಲು ಚಾಚಿದಳು. ವಾರಿಜಾ ಎಣ್ಣೆಯ ಬಟ್ಟಲನ್ನು ನೆಲದ ಮೇಲಿಟ್ಟಳು.

"ಬಾಕಿ ಎಲ್ಲಾ ಮಾಡ್ತೇನಮ್ಮ, ಕಾಲು ಮಾತ್ರ ಇನ್ನು ಮುಟ್ಟುದಿಲ್ಲ," ಎಂದು ಕನ್ನಡದಲ್ಲೇ ಹೇಳಿದಳು.

ಮುದುಕಿಗೆ ಅರ್ಥವಾಗಿರಬೇಕು. ಕಾಲುಗಳನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಂಡಳು.